ಖಾಲಿ ತಟ್ಟೆಯ ತೂಕ

ಟೆಕ್ಸಾಸಿನಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ ರೈಫಲ್ ಗುರಿಸ್ಪರ್ಧೆಯ ಹವ್ಯಾಸಿ. ಸ್ಪರ್ಧೆಗೆ ಬೇಕಾದ ತೋಟಾಗಳನ್ನು ಅವನು ಅಂಗಡಿಯಿಂದ ತರುವುದಿಲ್ಲ. ಒಮ್ಮೆ ಹಾರಿಸಿದ ಹಿತ್ತಾಳೆಯ ಕೇಸುಗಳನ್ನೇ ತೊಳೆದು, ಅಳತೆಗೆ ತಂದು, ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಿಲ್ಲೆಯಾದ ಪ್ರೈಮರನ್ನು ಹೊಸದಾಗಿ ಕೂಡಿಸಿ, ಮದ್ದು ತುಂಬಿ, ಮೇಲೆ ಗುಂಡು ಒತ್ತಿ ಗ್ಯಾರೇಜಿನಲ್ಲೇ ಸಿದ್ಧಪಡಿಸಿಕೊಳ್ಳುತ್ತಾನೆ. ಅಮೆರಿಕದ ಫೆಡರಲ್ ಕಾನೂನಿನಂತೆ ಸ್ವಂತ ಬಳಕೆಗೆ ಹೀಗೆ ಮಾಡಲು ಪರವಾನಗಿ ಬೇಕಿಲ್ಲ, ಮಾರುವುದಾದರೆ ಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯು ಮದ್ದುಗುಂಡುಗಳ ವ್ಯಾಖ್ಯೆಯೊಳಗೆ ಅವುಗಳನ್ನು ತಯಾರಿಸುವ ಯಂತ್ರೋಪಕರಣಗಳನ್ನೂ ಸೇರಿಸಿದೆ, ಪರವಾನಗಿಯಿಲ್ಲದೆ ತಯಾರಿಸುವುದು ಅಪರಾಧ. ಬೆಳಗಾವಿಯ ರವಿವಾರ ಪೇಟೆಯ ಹತ್ತಿರ ಕಾಟಾ, ಅಂದರೆ ತೂಕದ ಯಂತ್ರಗಳ ರಿಪೇರಿ ಮಾಡಿಕೊಂಡು ಬಂದ ನನಗೆ ಹೀಗಾಗಿ ಆ ಕಸುಬಿನ ಪರಿಚಯವಾಗುವ ಸಂದರ್ಭವೇ ಬಂದಿರಲಿಲ್ಲ. ಧಾನ್ಯದ ವ್ಯಾಪಾರಿಗಳ ಪ್ಲಾಟ್‌ಫಾರ್ಮ್ ಕಾಟಾ, ಶಹಾಪುರದ ಸರಾಫರ ಮಿಲಿಗ್ರಾಂ ಕಾಟಾ, ವರ್ಷಕ್ಕೊಮ್ಮೆ ಅವುಗಳನ್ನು ಪರೀಕ್ಷಿಸಿ ಸರ್ಕಾರಿ ಮುದ್ರೆ ಒತ್ತಿಸುವ ಸ್ಟ್ಯಾಂಪಿಂಗ್, ಇಷ್ಟೇ ನನ್ನ ಲೋಕ.

ಜುಲೈ ತಿಂಗಳ ಒಂದು ಭಾನುವಾರ, ಹೊರಗೆ ಬೆಳಗಾವಿಯ ಮಳೆ ಬಿಡದೆ ಹೊಡೆಯುತ್ತಿದ್ದಾಗ, ಸಂಜೆ ಏಳೂವರೆಯ ಸುಮಾರಿಗೆ ಅವನ ವಿಡಿಯೋ ಕರೆ ಬಂತು. ಅಲ್ಲಿ ಆಗ ಬೆಳಗಿನ ಒಂಬತ್ತು. ಮದ್ದು ತೂಗಿ ಹಾಕುವ ಎಲೆಕ್ಟ್ರಾನಿಕ್ ಯಂತ್ರವೊಂದನ್ನು ಅವನು ಹೊಸದಾಗಿ ಕೊಂಡಿದ್ದ, ಅದು ಒಂದೇ ತೂಕವನ್ನು ಎರಡು ಸಲ ಎರಡು ಬಗೆಯಾಗಿ ಹೇಳುತ್ತಿತ್ತು. ಕಂಪನಿಯವರಿಗೆ ಬರೆಯುವ ಮೊದಲು ಮಾವನನ್ನು ಕೇಳೋಣ ಎಂದುಕೊಂಡನಂತೆ.

ಯಂತ್ರ ನೋಡಲು ಸರಳವಾಗಿದೆ. ಮೇಲೆ ಮದ್ದು ಸುರಿಯುವ ಪ್ಲಾಸ್ಟಿಕ್ ಹಾಪರ್, ಅದರ ಬುಡದಿಂದ ಅಡ್ಡಲಾಗಿ ಹೊರಟ ಲೋಹದ ಕೊಳವೆ, ಕೊಳವೆಯ ಬಾಯಿಯ ಕೆಳಗೆ ತಕ್ಕಡಿಯ ತಟ್ಟೆ. ಬೇಕಾದ ತೂಕವನ್ನು ಕೀಲಿಗಳಿಂದ ಒತ್ತಿದರೆ ಮೋಟಾರು ಕೊಳವೆಯನ್ನು ಮೊದಲು ವೇಗವಾಗಿ ತಿರುಗಿಸುತ್ತದೆ, ಗುರಿ ಹತ್ತಿರವಾದಂತೆ ನಿಧಾನಿಸುತ್ತದೆ, ಕೊನೆಯಲ್ಲಿ ಒಂದೊಂದೇ ಕಾಳು ಬೀಳುವ ಹಾಗೆ ತಡೆತಡೆದು ತಿರುಗಿ, ಅಂಕಿ ಮುಟ್ಟಿದೊಡನೆ ನಿಲ್ಲುತ್ತದೆ. ಅವನು ಬಳಸುವ ಹೊಗೆರಹಿತ ಮದ್ದು ಪುಡಿಯ ರೂಪದಲ್ಲಿರದೆ ಪೆನ್ಸಿಲ್ ಸೀಸವನ್ನು ಚಿಕ್ಕ ಚಿಕ್ಕದಾಗಿ ಕತ್ತರಿಸಿದಂಥ ಕಡ್ಡಿತುಂಡುಗಳ ರೂಪದಲ್ಲಿರುತ್ತದೆ. ಇಂಥ ಉದ್ದ ಕಾಳುಗಳು ಕೊಳವೆಯ ತುದಿಯಲ್ಲಿ ಗುಂಪುಗೂಡಿ ಒಮ್ಮೆಲೇ ಉದುರಿ ತೂಕ ಮೀರಿಸುವುದುಂಟು. ಅದಕ್ಕೆ ಅಲ್ಲಿನ ಹವ್ಯಾಸಿಗಳು ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು: ಮೆಕ್‌ಡೊನಾಲ್ಡ್ಸ್ ಅಂಗಡಿಯ ಸ್ಟ್ರಾ ಒಂದನ್ನು ತುಂಡರಿಸಿ ಕೊಳವೆಯ ಬಾಯಿಗೆ ತೂರಿಸುತ್ತಾರೆ, ದಾರಿ ಕಿರಿದಾಗಿ ಕಾಳುಗಳು ಸಾಲಾಗಿ ಬರುತ್ತವೆ. ಅಳಿಯನೂ ಹಾಗೆ ಮಾಡಿದ್ದ. ಆದ್ದರಿಂದ ದೋಷ ಸುರಿಯುವ ಭಾಗದಲ್ಲಿಲ್ಲ, ತೂಗುವ ಭಾಗದಲ್ಲಿದೆ ಎಂಬುದು ಮೊದಲೇ ಖಚಿತವಾಯಿತು. ಪರದೆ ಗುರಿಯ ಅಂಕಿಯನ್ನೇ ತೋರಿಸಿ ನಿಲ್ಲುತ್ತಿತ್ತು. ಅದೇ ತಟ್ಟೆಯನ್ನು ಎತ್ತಿ ಮತ್ತೆ ಇಟ್ಟರೆ ಒಮ್ಮೆ 0.2 ಗ್ರೇನ್ ಹೆಚ್ಚು, ಇನ್ನೊಮ್ಮೆ 0.3 ಕಡಿಮೆ.

ಅಲ್ಲಿ ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ. ಹಳೆಯ ಕಾಟಾದವರಿಗೆ ಇದು ಹೊಸದೇನಲ್ಲ, ಏಕೆಂದರೆ ಬ್ರಿಟಿಷರು ನಿಗದಿಪಡಿಸಿದ ನಮ್ಮ ತೊಲೆಯೇ 180 ಗ್ರೇನ್. ಅದನ್ನು 96 ಗುಲಗಂಜಿಗೆ ಹಂಚಿದರೆ ಒಂದು ಗುಲಗಂಜಿಗೆ ಎರಡು ಗ್ರೇನಿಗಿಂತ ತುಸು ಕಡಿಮೆ ಬರುತ್ತದೆ. ಅಳಿಯನ ಯಂತ್ರ ತೋರಿಸುವ ಅತಿ ಸಣ್ಣ ಅಂಶ 0.1 ಗ್ರೇನ್, ಅಂದರೆ ಆರೂವರೆ ಮಿಲಿಗ್ರಾಂ. ಸರಾಫರ ಕಾಟಾ ಒಂದು ಮಿಲಿಗ್ರಾಮನ್ನು ತೋರಿಸುವುದರಿಂದ ಇದು ನನಗೆ ದೊಡ್ಡ ಸೂಕ್ಷ್ಮತೆ ಎನಿಸಲಿಲ್ಲ. ಆದರೆ ಬಂಗಾರದಲ್ಲಿ ತೂಕ ತಪ್ಪಿದರೆ ಹಣ ಹೋಗುತ್ತದೆ, ಇಲ್ಲಿ ತಪ್ಪಿದರೆ ಕೋವಿಯ ನಳಿಗೆಯೊಳಗಿನ ಒತ್ತಡ ಬದಲಾಗುತ್ತದೆ. ಮದ್ದು ತಯಾರಕರು ಪ್ರಕಟಿಸುವ ಕೋಷ್ಟಕದಲ್ಲಿ ಪ್ರತಿ ಗುಂಡಿಗೂ ಆರಂಭದ ತೂಕ ಮತ್ತು ಗರಿಷ್ಠ ತೂಕ ಎರಡೂ ಇರುತ್ತವೆ. ಗರಿಷ್ಠದ ಸಮೀಪ ಹೋದವನಿಗೆ ತಕ್ಕಡಿಯ ಸುಳ್ಳು ದುಬಾರಿಯಾದೀತು. ಕೆಳಮಟ್ಟದಲ್ಲಿ ತುಂಬುವವನಿಗೂ ಗುಂಡಿನ ವೇಗ ಒಂದರಿಂದ ಒಂದಕ್ಕೆ ಬದಲಾಗಿ ದೂರದ ಗುರಿಯ ಮೇಲೆ ಪೆಟ್ಟುಗಳು ಮೇಲೆ ಕೆಳಗೆ ಚದುರುತ್ತವೆ.

ಯಂತ್ರದ ಒಳಗಿರುವುದು ಲೋಡ್ ಸೆಲ್. ಅಲ್ಯೂಮಿನಿಯಂ ಪಟ್ಟಿಯೊಂದರ ಮೇಲೆ ತೆಳುವಾದ ತಂತಿಜಾಲಗಳನ್ನು ಅಂಟಿಸಿರುತ್ತಾರೆ. ತೂಕ ಬಿದ್ದಾಗ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ತಂತಿಯ ವಿದ್ಯುತ್ ಪ್ರತಿರೋಧ ಬದಲಾಗುತ್ತದೆ, ಅದರಿಂದ ಹುಟ್ಟುವ ಕೆಲವೇ ಮಿಲಿವೋಲ್ಟುಗಳನ್ನು ಅಂಕಿಯಾಗಿ ಪರಿವರ್ತಿಸುತ್ತಾರೆ. ರವಿವಾರ ಪೇಟೆಯ ಕ್ವಿಂಟಲ್ ಕಾಟಾದಲ್ಲಿರುವುದೂ ಇದೇ ತತ್ತ್ವ. ಇಷ್ಟು ಸಣ್ಣ ಸಂಕೇತವನ್ನು ಶಾಖ, ಗಾಳಿ, ನಡುಕ, ಹತ್ತಿರದ ರೇಡಿಯೊ ತರಂಗ ಎಲ್ಲವೂ ಕೆಡಿಸಬಲ್ಲವು. ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ: ಲೋಡ್ ಸೆಲ್ ಅಳೆಯುವುದು ಭೂಮಿಯ ಸೆಳೆತವನ್ನು. ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿ, ಭೂಮಧ್ಯರೇಖೆಗೆ ಹತ್ತಿರವಿರುವ ಬೆಳಗಾವಿಯಲ್ಲಿ ಸೆಳೆತ ತುಸು ಕಡಿಮೆ. ಇಲ್ಲಿ ಸರಿಮಾಡಿದ ಕಾಟಾವನ್ನು ಹಾಗೆಯೇ ಉತ್ತರ ಟೆಕ್ಸಾಸಿಗೆ ಒಯ್ದರೆ 100 ಗ್ರಾಂ ಬಟ್ಟಿಗೆ 0.1 ಗ್ರಾಮಿಗಿಂತ ಸ್ವಲ್ಪ ಹೆಚ್ಚೇ ಜಾಸ್ತಿ ತೋರಿಸೀತು. ಆದ್ದರಿಂದ ಇರುವ ಜಾಗದಲ್ಲೇ ಬಟ್ಟು ಇಟ್ಟು ಸರಿಮಾಡಿಕೊಳ್ಳಬೇಕು ಎಂದು ಹೇಳಿ, ಯಂತ್ರದ ಜೊತೆ ಬಂದ 50 ಗ್ರಾಂ ಬಟ್ಟುಗಳನ್ನು ಹೊರತೆಗೆಸಿದೆ. ಅವನು ಬರಿಗೈಯಲ್ಲಿ ಹಿಡಿದ. ಚಿಮಟಿಯಲ್ಲಿ ಹಿಡಿ, ಬೆರಳಿನ ಜಿಡ್ಡಿಗೂ ತೂಕವಿದೆ ಎಂದೆ.

ಬಟ್ಟಿನ ಪರೀಕ್ಷೆಯಲ್ಲಿ ಯಂತ್ರ ಪಾಸಾಯಿತು. ನನಗೆ ಆಶ್ಚರ್ಯವಾಗಲಿಲ್ಲ, ಆ ಗಳಿಗೆಯಲ್ಲಿ ಸರಿ ತೋರಿಸುವ ಕಾಟಾ ಹತ್ತು ನಿಮಿಷದ ನಂತರವೂ ಹಾಗೆಯೇ ಇರುತ್ತದೆ ಎಂದೇನಿಲ್ಲ. ಅದಕ್ಕೆ ಇರುವ ಪರೀಕ್ಷೆ ಖಾಲಿ ತಟ್ಟೆಯದು. ತಟ್ಟೆ ಇಟ್ಟು ಸೊನ್ನೆ ಮಾಡಿ, ನಂತರ ತಟ್ಟೆಯನ್ನು ಎತ್ತಿದರೆ ಪರದೆ ತಟ್ಟೆಯ ತೂಕವನ್ನು ಋಣ ಚಿಹ್ನೆಯೊಂದಿಗೆ ತೋರಿಸುತ್ತದೆ. ಪ್ರತಿ ಸಲ ತುಂಬಿದ ಮೇಲೂ ತಟ್ಟೆ ಎತ್ತಿದಾಗ ಅದೇ ಅಂಕಿ ಬರಬೇಕು. ಬಾರದಿದ್ದರೆ ಸೊನ್ನೆಯೇ ಜಾರಿದೆ ಎಂದರ್ಥ, ಆಗ ತುಂಬಿದ ಮದ್ದಿನ ತೂಕ ನಂಬಲು ಯೋಗ್ಯವಲ್ಲ. ಅವನು ತಟ್ಟೆ ಎತ್ತಿದಾಗ −152.6 ಬಂತು. ಸ್ವಲ್ಪ ಹೊತ್ತು ಬಿಟ್ಟು ಎತ್ತಿದರೆ −152.3. ಆಮೇಲೆ −152.8. ಎ.ಸಿ. ಗುಂಯ್‌ಗುಡಲು ಶುರುವಾದೊಡನೆ ಕೊನೆಯ ಅಂಕಿ ನಿಲ್ಲಲೇ ಇಲ್ಲ.

ಎ.ಸಿ.ಯ ಗಾಳಿ ಬೀಳುತ್ತಿದ್ದುದು ನೇರ ಮೇಜಿನ ಮೇಲೆ. ಅದನ್ನು ಆರಿಸಿದ ಮೇಲೆ ಅಂಕಿ ಬಹುಪಾಲು ಶಾಂತವಾದರೂ ನಡುನಡುವೆ ಜಿಗಿಯುವುದು ಬಿಡಲಿಲ್ಲ. ನಾನು ಫೋನನ್ನು ಸ್ವಲ್ಪ ಹಿಂದಕ್ಕೆ ಸರಿಸು, ಮೇಜು ಪೂರ್ತಿ ಕಾಣಲಿ ಎಂದೆ. ಅವನು ಸರಿಸುತ್ತಿದ್ದಂತೆ ಅಂಕಿ ನೆಟ್ಟಗೆ ನಿಂತಿತು. ಅದುವರೆಗೆ ಫೋನು ಯಂತ್ರಕ್ಕೆ ಒಂದು ಗೇಣಿನ ದೂರದಲ್ಲಿತ್ತು, ಪರದೆ ನನಗೆ ಸ್ಪಷ್ಟ ಕಾಣಲೆಂದು ಅವನೇ ಹಾಗೆ ನಿಲ್ಲಿಸಿದ್ದ. ಬೇರೆ ದಿನಗಳಲ್ಲೂ ಮದ್ದು ತುಂಬುವಾಗ ಹಾಡು ಕೇಳಲು ಅದನ್ನು ಅಲ್ಲಿಯೇ ಇಡುತ್ತಾನಂತೆ. ಖಾತ್ರಿಗಾಗಿ ನಾನು ಇಲ್ಲಿ ಅಂಗಡಿಯಲ್ಲಿದ್ದ ಅಗ್ಗದ ಕಿಸೆ ಕಾಟಾ ಒಂದರ ಪಕ್ಕಕ್ಕೆ ನನ್ನ ಫೋನು ತಂದೆ, ಅದೂ ಕುಣಿಯಿತು. ಗಾಜಿನ ಪೆಟ್ಟಿಗೆಯೊಳಗಿನ ಸರಾಫರ ಕಾಟಾ ಮಾತ್ರ ಜಗ್ಗಲಿಲ್ಲ.

ಇದರಿಂದ ನಮಗೆ ಒದಗಿದ ಫಜೀತಿ ಎಂದರೆ, ನಾನು ಯಂತ್ರವನ್ನು ನೋಡುತ್ತಿರುವವರೆಗೂ ಯಂತ್ರ ಸರಿ ಹೇಳುವಂತಿರಲಿಲ್ಲ. ಕೊನೆಗೆ ಫೋನನ್ನು ಗ್ಯಾರೇಜಿನ ಆ ಬದಿಯ ಕಪಾಟಿನ ಮೇಲಿಟ್ಟು, ಅವನು ಅಂಕಿಗಳನ್ನು ಕೂಗಿ ಹೇಳುವುದು, ನಾನು ಇಲ್ಲಿ ರಸೀದಿ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುವುದು ಎಂದಾಯಿತು. ಯಂತ್ರ ಹಚ್ಚಿ ಒಂದು ತಾಸಿಗೂ ಹೆಚ್ಚು ಆಗಿದ್ದರಿಂದ ಒಳಗಿನ ಶಾಖವೂ ಸ್ಥಿರವಾಗಿತ್ತು. ಮಳೆಯ ಸದ್ದಿಗೆ ನನಗೆ ಕೆಲವು ಅಂಕಿ ಕೇಳಿಸದೆ ಎರಡೆರಡು ಸಲ ಕೂಗಿಸಿದೆ. ತಟ್ಟೆಯ ಅಂಕಿ ಪ್ರತಿ ಸಲವೂ 152.6ಕ್ಕೇ ಬಂದು ನಿಂತಿತು.

ಇನ್ನು ಉಳಿದದ್ದು ಸ್ಥಿರವಿದ್ಯುತ್ತು. ಒಣ ಹವೆಯಲ್ಲಿ ಪ್ಲಾಸ್ಟಿಕ್ ಆಲಿಕೆಗೆ ನಾಲ್ಕಾರು ಕಾಳು ಅಂಟಿಕೊಂಡು ಕೇಸಿನೊಳಗೆ ಇಳಿಯುವುದೇ ಇಲ್ಲ. ತಕ್ಕಡಿ ಎಷ್ಟೇ ಸರಿಯಿದ್ದರೂ ಆ ಕಾಳುಗಳು ಲೆಕ್ಕ ತಪ್ಪಿಸುತ್ತವೆ. ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಹಾಳೆಯಿಂದ ಆಲಿಕೆಯನ್ನು ಒರೆಸುವುದು ಅಲ್ಲಿನ ರೂಢಿ. ಬೆಳಗಾವಿಯ ಜುಲೈಯಲ್ಲಿ ಈ ಸಮಸ್ಯೆಯನ್ನು ತೋರಿಸಬೇಕೆಂದರೂ ತೋರಿಸಲಾಗದು.

ನನ್ನ ಅಭಿಪ್ರಾಯ ಕೇಳಿದ್ದಕ್ಕೆ ಹೇಳಿದೆ: ಇಂಥ ಯಂತ್ರಕ್ಕೆ ಕೊಟ್ಟ ಹಣ ವೇಗಕ್ಕೆ ಸಲ್ಲುತ್ತದೆ, ನಿಖರತೆಗೆ ಅಷ್ಟಾಗಿ ಅಲ್ಲ. ಪಕ್ಕದಲ್ಲಿ ಹಳೆಯ ಮಾದರಿಯ ದಂಡದ ತಕ್ಕಡಿ ಒಂದಿರಲಿ, ಅದಕ್ಕೆ ಬೆಚ್ಚಗಾಗುವ ರಗಳೆಯಿಲ್ಲ, ಫೋನಿನ ಭಯವಿಲ್ಲ. ಜೊತೆಗೆ 50 ಗ್ರಾಂ ಬಟ್ಟು ಸಾಲದು, ತುಂಬುವ ಮದ್ದಿನ ತೂಕಕ್ಕೆ ಹತ್ತಿರದ ಸಣ್ಣ ಬಟ್ಟುಗಳನ್ನು ತರಿಸಿಕೋ. ಒಂದು ಕ್ವಿಂಟಲ್ ಸರಿ ತೂಗಿದ ಕಾಟಾ ಒಂದು ಪಾವು ಕಿಲೋಗೆ ತಪ್ಪುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆಗ ಅವನು ಹಿಂದಿನ ವಾರ ಇದೇ ಯಂತ್ರದಿಂದ ತುಂಬಿಟ್ಟ ಒಂದು ಡಬ್ಬಿ ತೋಟಾಗಳ ವಿಷಯ ತೆಗೆದ. ಸಿದ್ಧ ತೋಟಾಗಳನ್ನೇ ತೂಗಿ ತಪ್ಪಿದ್ದನ್ನು ಆರಿಸಬಹುದೇ ಎಂಬುದು ಅವನ ಆಸೆ. ಅದಾಗದು, ಏಕೆಂದರೆ ಹಿತ್ತಾಳೆಯ ಕೇಸುಗಳ ತೂಕವೇ ಒಂದಕ್ಕೊಂದು ಕೆಲವು ಗ್ರೇನುಗಳಷ್ಟು ಬೇರೆಯಿರುತ್ತದೆ, ಮದ್ದಿನ 0.3 ಅದರಲ್ಲಿ ಮುಳುಗಿಹೋಗುತ್ತದೆ. ಎಲ್ಲವನ್ನೂ ಬಿಚ್ಚುವುದೊಂದೇ ದಾರಿ. ಅದಕ್ಕೆ ಟೊಳ್ಳು ತಲೆಯ ಪ್ಲಾಸ್ಟಿಕ್ ಸುತ್ತಿಗೆ ಇದೆ. ತೋಟಾವನ್ನು ಅದರೊಳಗೆ ಸಿಕ್ಕಿಸಿ ಗಟ್ಟಿ ನೆಲಕ್ಕೆ ಬಡಿದರೆ ಕೇಸು ನಿಲ್ಲುತ್ತದೆ, ಗುಂಡು ಮುಂದಕ್ಕೆ ಜಾರಿ ಕಳಚಿಕೊಳ್ಳುತ್ತದೆ. ಅವನು ತುಂಬಿದ ಅನುಕ್ರಮದಲ್ಲೇ ಡಬ್ಬಿಯಲ್ಲಿ ಜೋಡಿಸಿದ್ದರಿಂದ, ಒಂದೊಂದಾಗಿ ಬಡಿದು ಮದ್ದನ್ನು ತಟ್ಟೆಗೆ ಸುರಿದು ತೂಗಿದಂತೆ ಹಿಂದಿನ ವಾರದ ಯಂತ್ರದ ನಡವಳಿಕೆ ನನ್ನ ರಸೀದಿ ಪುಸ್ತಕದ ಮೇಲೆ ಸಾಲಾಗಿ ಮೂಡಿತು. ಯಂತ್ರ ಹಚ್ಚಿದ ಕೂಡಲೇ ತುಂಬಿದ ಮೊದಲ ಸಾಲಿನವು ಒಂದೇ ದಿಕ್ಕಿಗೆ ಜಾರಿದ್ದವು, ಕೆಲವು 0.4ರ ತನಕ, ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅಂತರ ಕುಗ್ಗಿತ್ತು, ಅಲ್ಲಲ್ಲಿ ಒಂಟಿಯಾಗಿ ಜಿಗಿದವು ಮಾತ್ರ ಫೋನಿನವೋ ಗಾಳಿಯವೋ ಎಂದು ಹೇಳುವಂತಿರಲಿಲ್ಲ.

ಬಿಚ್ಚಿದ ಮದ್ದನ್ನು ಅದು ಬಂದ ಡಬ್ಬಿಗೆ ಮರಳಿ ಸುರಿಯುತ್ತೀಯಾ ಎಂದು ಕೇಳಿದೆ. ಒಮ್ಮೆ ಹೊರಬಂದು ತಟ್ಟೆ, ಆಲಿಕೆ, ಸುತ್ತಿಗೆಗಳ ಮೂಲಕ ಹಾದದ್ದರಲ್ಲಿ ಏನು ಬೆರೆತಿದೆಯೋ ಹೇಳಲಾಗದು, ಹಾಗಾಗಿ ಮೂಲ ಡಬ್ಬಿಗೆ ಅದನ್ನು ಸೇರಿಸುವುದಿಲ್ಲ, ಹುಲ್ಲಿನ ಮೇಲೆ ತೆಳ್ಳಗೆ ಎರಚುತ್ತೇನೆ, ಸಾರಜನಕ ಇರುವುದರಿಂದ ಹುಲ್ಲಿಗೆ ಗೊಬ್ಬರವಾಗುತ್ತದೆ ಎಂದ. ಹಾಪರಿನಲ್ಲಿ ಉಳಿದಿದ್ದ ಶುದ್ಧ ಮದ್ದನ್ನು ಮಾತ್ರ ಹೆಸರು ನೋಡಿ ಅದರದೇ ಡಬ್ಬಿಗೆ ತುಂಬಿ ಮುಚ್ಚಳ ತಿರುಗಿಸಿದ.