ಫೋನಲ್ಲೇ ಎಲ್ಲಾ ಸಿಗುವಾಗ ಈ ಹಳೇ ಜಾಝ್ ಸೀಡಿ ಯಾಕೆ?

ನಮ್ಮನೆಗೆ ಬಂದವರು ಕಾಫಿ ಕುಡೀತಾ ಹಾಲ್‌ನಲ್ಲಿರೋ ಬೀರು ನೋಡ್ತಾರೆ, ಹಗಲಲ್ಲೂ ಒಳಗೊಂದು ಬಲ್ಬ್ ಉರೀತಿರತ್ತೆ, ಹತ್ರ ಹೋದ್ರೆ ಸಾಲಾಗಿ ಸೀಡಿಗಳು. ಆಮೇಲೆ ಬರೋದು ಒಂದೇ ಪ್ರಶ್ನೆ. ಫೋನಲ್ಲಿ ಎಲ್ಲಾ ಸಿಗತ್ತಲ್ಲ, ಅದೂ ನಮ್ಮ ಅಜ್ಜಂದಿರ ಕಾಲದ ಅಮೆರಿಕದ ಸಂಗೀತ, ಅದಕ್ಕೆ ದುಡ್ಡು ಕೊಟ್ಟು ಸೀಡಿ ಯಾಕೆ ತರಿಸ್ತೀರಿ? ನಮ್ಮ ಕೊಡಗಿನ ನಾಪೋಕ್ಲು ಪೇಟೇಲಿ ಕೇಳಿದ್ದಾರೆ, ಮದುವೆ ಊಟದ ಸಾಲಲ್ಲಿ ಕೇಳಿದ್ದಾರೆ, ತಂಗಿ ಮಗ ರಜೆಗೆ ಬಂದಾಗೆಲ್ಲ ಕೇಳ್ತಾನೆ. ಒಂದ್ಸಲ ಪೂರ್ತಿ ಬರೆದುಬಿಡ್ತೀನಿ.

ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಇಲ್ಲಿ ನೆಟ್‌ವರ್ಕ್ ಇರಲ್ಲ, ಕರೆಂಟೂ ದಿನಗಟ್ಟಲೆ ಬರಲ್ಲ, ಆದ್ರೆ ನಾನು ಸೀಡಿ ತರಿಸೋದು ಅದಕ್ಕಲ್ಲ. ಅದೇ ಹಾಡು, ಅದೇ ದಿನ, ಅದೇ ವಾದ್ಯಗಾರರು ಆದ್ರೂ ಯಾರು, ಯಾವ ಪ್ರತಿಯಿಂದ, ಎಷ್ಟು ತಾಳ್ಮೆಯಿಂದ ಅದನ್ನ ಸೀಡಿಗೆ ಇಳಿಸಿದ್ರು ಅನ್ನೋದರ ಮೇಲೆ ಕಿವಿಗೆ ಬೀಳೋದೇ ಬೇರೆ ಆಗತ್ತೆ. ಫೋನಲ್ಲಿ ಹುಡುಕಿದ್ರೆ ಒಂದೇ ಹೆಸರಲ್ಲಿ ಹತ್ತು ಬರತ್ತೆ, ಯಾವುದು ಎಲ್ಲಿಂದ ಬಂತು ಅಂತ ಬರೆದಿರೋದು ತೀರಾ ಅಪರೂಪ.

ಲೂಯಿ ಆರ್ಮ್‌ಸ್ಟ್ರಾಂಗ್‌ನ ವೆಸ್ಟ್ ಎಂಡ್ ಬ್ಲೂಸನ್ನೇ ತಗೊಳ್ಳಿ. 1928ರ ಜೂನ್ 28, ಷಿಕಾಗೊ. ಆಗ ನಿಮಿಷಕ್ಕೆ 78 ಸುತ್ತು ತಿರುಗೋ ಗ್ರಾಮಫೋನ್ ಪ್ಲೇಟು, ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು, ಅಷ್ಟರಲ್ಲೇ ಎಲ್ಲಾ ಮುಗೀಬೇಕು. ಶುರುವಿಗೆ ಅವನ ಟ್ರಂಪೆಟ್ ಒಂದೇ, ಜೊತೆಗೆ ಯಾರೂ ಇಲ್ಲ, ಮೇಲಕ್ಕೆ ಹತ್ತಿ ಅಲ್ಲಿಂದ ಉರುಳ್ತಾ ಇಳಿಯತ್ತೆ, ಆಮೇಲೆ ತಂಡ ಸೇರ್ಕೊಳತ್ತೆ, ಟ್ರಾಂಬೋನ್ ಬರುವಾಗ ಹಿಂದಿನಿಂದ ಡ್ರಮ್ಮರ್ ಜಟ್ಟಿ ಸಿಂಗಲ್ಟನ್ ಕುದುರೆ ಗೊರಸಿನ ಹಾಗೆ ಟಕ್ ಟಕ್ ಅಂತಿರ್ತಾನೆ. ನನ್ನ ಹತ್ರ ಇದರ ಎರಡು ಸೀಡಿ ಇದೆ. ಮೊದಲು ಕೊಂಡಿದ್ದು ಅಗ್ಗದ್ದು, ಅದರಲ್ಲಿ ಗೀರು ಸದ್ದು ಒಂದಿಷ್ಟೂ ಇಲ್ಲ, ಫಿಲ್ಟರ್ ಹಾಕಿ ಪೂರಾ ತೆಗೆದಿದ್ದಾರೆ, ಆ ಗೀರಿನ ಜೊತೆಗೇ ಟ್ರಂಪೆಟ್ಟಿನ ಅಂಚೂ ಹೋಗಿದೆ, ಟಕ್ ಟಕ್ ಅನ್ನೋದು ಒದ್ದೆ ಗೋಣಿಚೀಲದ ಮೇಲೆ ಬಡಿದ ಹಾಗಾಗಿದೆ. ಎರಡನೇದು ಜೆಎಸ್‌ಪಿ ಅನ್ನೋ ಇಂಗ್ಲೆಂಡಿನ ಕಂಪನಿ 1999ರಲ್ಲಿ ತಂದ ನಾಲ್ಕು ಸೀಡಿಯ ಸೆಟ್ಟು, ಅದನ್ನ ಹಳೇ ಪ್ಲೇಟುಗಳಿಂದ ಇಳಿಸಿದ್ದು ಜಾನ್ ಆರ್. ಟಿ. ಡೇವೀಸ್. ಈ ಕೆಲಸದಲ್ಲಿ ಒಳ್ಳೇ ಪ್ರತಿ ಸಿಗಬೇಕು, ತೊಳೀಬೇಕು, ಆ ಪ್ಲೇಟಲ್ಲಿ ಸದ್ದು ಕೊರೆದಿರೋ ಸುರುಳಿ ಗೆರೆಗೆ ಸರಿಯಾಗಿ ಕೂರೋ ಸೈಜಿನ ಮುಳ್ಳು ಆರಿಸಬೇಕು, ಯಾಕಂದ್ರೆ ಹಿಂದಿನವರ ಮುಳ್ಳು ಸವೆಸದ ಜಾಗ ಆ ಗೆರೆಯೊಳಗೆ ಎಲ್ಲೋ ಸ್ವಲ್ಪ ಉಳಿದಿರತ್ತೆ, ಅಲ್ಲಿಂದ ಸದ್ದು ಎತ್ತಬೇಕು. ಈ ಸೆಟ್ಟಲ್ಲಿ ಹಂಚಿನ ಮೇಲೆ ತುಂತುರು ಬಿದ್ದ ಹಾಗೆ ಸಣ್ಣ ಸದ್ದು ಇದೆ, ಇರಲಿ, ಅದರ ಹಿಂದೆ ಒಂದು ರೂಮು ಇದೆ, ಆ ರೂಮಲ್ಲಿ ಮನುಷ್ಯರು ಉಸಿರು ತಗೊಂಡು ಊದ್ತಿದ್ದಾರೆ. ಮೊದಲ ಸಲ ಅದನ್ನ ಹಾಕಿದ ಸಂಜೆ ಒಂದೇ ಹಾಡನ್ನ ಎಷ್ಟು ಸಲ ಕೇಳಿದ್ನೋ ಲೆಕ್ಕ ಇಲ್ಲ.

ಇನ್ನೊಂದು ಉದಾಹರಣೆ, ಟ್ರಂಪೆಟ್ ನುಡಿಸ್ತಿದ್ದ ಮೈಲ್ಸ್ ಡೇವಿಸ್‌ನ ಕೈಂಡ್ ಆಫ್ ಬ್ಲೂ ಅನ್ನೋ ಆಲ್ಬಮ್. 1959ರ ಮಾರ್ಚ್ 2ಕ್ಕೆ ನ್ಯೂಯಾರ್ಕ್ ಸ್ಟುಡಿಯೋದಲ್ಲಿ ಮೊದಲ ಮೂರು ಹಾಡು ತಗೊಂಡಾಗ ಟೇಪ್ ಮೆಷಿನ್ ಸ್ವಲ್ಪ ನಿಧಾನ ಓಡ್ತಿತ್ತು, ಸರಿಯಾದ ಸ್ಪೀಡಿನ ಮೆಷಿನ್ನಲ್ಲಿ ಅದನ್ನ ಹಾಕಿದಾಗ ಶ್ರುತಿ ಮೇಲೇರಿತು. ಜಗತ್ತೆಲ್ಲಾ ಮೂವತ್ತಕ್ಕೂ ಹೆಚ್ಚು ವರ್ಷ ಹಾಗೇ ಕೇಳಿತು, ಜೊತೆಗೆ ನುಡಿಸೋಕೆ ಕೂತವರಿಗೆ ಮಾತ್ರ ಶ್ರುತಿ ಕೂಡ್ತಿರಲಿಲ್ಲ. ಅವತ್ತು ಪಕ್ಕದಲ್ಲಿ ಇನ್ನೊಂದು ಮೆಷಿನ್ನೂ ಓಡ್ತಿತ್ತು, ಅದರ ಸ್ಪೀಡು ಸರಿ ಇತ್ತು, ಆ ಟೇಪಿಂದ ಮಾಡಿದ ರೀಇಶ್ಯೂ, ಅಂದ್ರೆ ಮರುಬಿಡುಗಡೆ, ಬಂದಿದ್ದು 1992ರಲ್ಲಿ. ಎಂಬತ್ತರ ದಶಕದ ಸೀಡಿ, ಆಮೇಲಿನ ಸೀಡಿ, ಎರಡನ್ನೂ ಒಂದರ ಹಿಂದೆ ಒಂದು ಹಾಕಿ ನೋಡಿ, ಹೊಸದರಲ್ಲಿ ಇಡೀ ತಂಡ ಭುಜ ಇಳಿಸಿ ಕೂತಂಗೆ ಕೇಳಿಸತ್ತೆ.

ಡ್ಯೂಕ್ ಎಲಿಂಗ್ಟನ್ 1956ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾಝ್ ಹಬ್ಬದಲ್ಲಿ ನುಡಿಸಿದಾಗ ಅವನ ತಂಡದ ಪಾಲ್ ಗೊನ್ಸಾಲ್ವಿಸ್ 27 ಆವರ್ತನ ನಿಲ್ಲಿಸದೆ ಸ್ಯಾಕ್ಸೋಫೋನ್ ಊದಿದ, ಆದ್ರೆ ರೆಕಾರ್ಡ್ ಕಂಪನಿ ಮೈಕಿಗಲ್ಲ, ವಾಯ್ಸ್ ಆಫ್ ಅಮೆರಿಕ ರೇಡಿಯೋದವರ ಮೈಕಿಗೆ. ಕಂಪನಿ ಟೇಪಲ್ಲಿ ಅವನು ದೂರ ಎಲ್ಲೋ ಇದ್ದ. ರೇಡಿಯೋ ಟೇಪ್ ಸಿಕ್ಕ ಮೇಲೆ ಎರಡನ್ನೂ ಹೊಂದಿಸಿ 1999ರಲ್ಲಿ ಸೀಡಿ ಬಂತು, ಅವನು ಮುಂದಕ್ಕೆ ಬಂದು ನಿಂತ. ಇದೆಲ್ಲ ನನಗೆ ಗೊತ್ತಾಗಿದ್ದು ರೀಇಶ್ಯೂಗಳಿಂದಲೇ. ಸೀಡಿ ಜೊತೆ ಬರೋ ಪುಸ್ತಿಕೇಲಿ ತಾರೀಕು, ಸ್ಟುಡಿಯೋ, ಯಾರು ಏನು ನುಡಿಸಿದ್ರು ಎಲ್ಲಾ ಇರತ್ತೆ, ನಾನು ಅದನ್ನ ಕೈಯಲ್ಲಿ ಹಿಡಿದೇ ಕೇಳೋದು.

ಬೀರುವಿನ ಬಲ್ಬ್ ಇರೋದೂ ಆ ಪುಸ್ತಿಕೆಗೋಸ್ಕರ. ನಮ್ಮೂರ ಮಳೇಲಿ ಚರ್ಮದ ಬೆಲ್ಟು, ಚಪ್ಪಲಿಗೆ ಬೂಸ್ಟು ಹಿಡಿಯೋದು ಗೊತ್ತಲ್ಲ, ಒಂದು ವರ್ಷ ನುಣುಪು ಕಾಗದದ ಪುಸ್ತಿಕೆಯ ಹಾಳೆಗಳು ಅಂಟಿಕೊಂಡು, ಬಿಡಿಸೋಕೆ ಹೋದ್ರೆ ಅಕ್ಷರವೇ ಕಿತ್ತುಬಂತು. ಅವತ್ತು ನನಗೆ ಊಟ ಸೇರಲಿಲ್ಲ. ಈಗ ಜೂನಿಂದ ಅಕ್ಟೋಬರ್ ತನಕ 40 ವ್ಯಾಟ್ ಬಲ್ಬಿನ ಬಿಸಿ, ಕರೆಂಟ್ ಇಲ್ಲದಾಗ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ.

ಹೇಳಲೇಬೇಕಾದ್ದು ಇನ್ನೊಂದಿದೆ. ಎಷ್ಟೋ ಹಳೇ ರೆಕಾರ್ಡಿಂಗಿಗೆ ಮೂಲ ಲೋಹದ ಅಚ್ಚು ಉಳಿದಿಲ್ಲ, ಯಾರದೋ ಮನೇಲಿ ಉಳಿದ ಪ್ಲೇಟೇ ಗತಿ. ಜಾಝ್ ನಮ್ಮ ದೇಶದಲ್ಲೂ ರೆಕಾರ್ಡ್ ಆಗಿದೆ. ಆರ್ಮ್‌ಸ್ಟ್ರಾಂಗ್ ಜೊತೆ ಷಿಕಾಗೊದಲ್ಲಿ ನುಡಿಸಿದ್ದ ಪಿಯಾನೋದ ಟೆಡ್ಡಿ ವೆದರ್‌ಫರ್ಡ್ ಬೊಂಬಾಯಿ ತಾಜ್ ಹೋಟ್ಲು, ಕಲ್ಕತ್ತಾದ ಗ್ರ್ಯಾಂಡ್ ಹೋಟ್ಲಲ್ಲಿ ತಂಡ ನಡೆಸಿ, ಕಲ್ಕತ್ತಾದಲ್ಲಿ ರೆಕಾರ್ಡ್ ಮಾಡಿ, 1945ರಲ್ಲಿ ಅಲ್ಲೇ ಕಾಲರಾ ಬಂದು ತೀರಿಕೊಂಡ. ಅಂಥ ಪ್ಲೇಟು ಬ್ರಿಟಿಷ್ ದೊರೆಗಳಿದ್ದ ತೋಟದ ಬಂಗಲೆಗಳಿಗೂ ಬಂದಿರಬಹುದು. ಹಾಗಾಗಿ ಮಡಿಕೇರಿ, ಸಿದ್ದಾಪುರ, ಪೊಲಿಬೆಟ್ಟ ಕಡೆ ಯಾರದಾದ್ರೂ ಅಟ್ಟದಲ್ಲಿ ಭಾರದ ಕಪ್ಪು ಪ್ಲೇಟುಗಳಿದ್ರೆ ಗುಜರಿಗೆ ಹಾಕೋಕೆ ಮೊದಲು ದಯವಿಟ್ಟು ಹೆಸರು ಓದಿ ನೋಡಿ. ಒಂದರ ಮೇಲೊಂದು ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ. ಸ್ಪಿರಿಟ್ ಹಾಕಿ ಮಾತ್ರ ಒರೆಸಬೇಡಿ, ಅದು ಅರಗು, ಕರಗಿಹೋಗತ್ತೆ.