ಒಪೆರಾ ಹಾಡುವವರಿಗೆ ಮ್ಯೂಸಿಕಲ್ ಸುಲಭ ಅಲ್ವಾ?

ಪಾಶ್ಚಾತ್ಯ ಸಂಗೀತದ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದರೆ ಸಾಕು, ಜನ ಕೇಳುವುದು ಇದನ್ನೇ. ‘ಒಪೆರಾ ಕಲಿತ ಗಾಯಕಿಗೆ ಬ್ರಾಡ್‌ವೇ ಹಾಡು ನೀರು ಕುಡಿದಷ್ಟು ಸುಲಭ ಅಲ್ವಾ? ನಮ್ಮಲ್ಲಿ ಕಛೇರಿ ಮಾಡುವವರು ಸಿನಿಮಾಕ್ಕೂ ಹಾಡಲ್ವಾ, ಹಾಗೆ?’

ಹಾಗಲ್ಲ. ಒಪೆರಾ ಅಂದರೆ ಪಾಶ್ಚಾತ್ಯ ಶಾಸ್ತ್ರೀಯ ಶೈಲಿಯಲ್ಲಿ ಹಾಡಿ ಆಡುವ ನಾಟಕ. ಮ್ಯೂಸಿಕಲ್ ಅಂದರೆ ಮಾತು, ಹಾಡು, ಕುಣಿತ ಸೇರಿದ ನಾಟಕ; ನ್ಯೂಯಾರ್ಕಿನ ಬ್ರಾಡ್‌ವೇ ಥಿಯೇಟರುಗಳು ಅದಕ್ಕೆ ಹೆಸರುವಾಸಿ. ಈಗ ಕಛೇರಿಯಲ್ಲೂ ಮೈಕ್ ಇದೆ, ಸ್ಟುಡಿಯೋದಲ್ಲೂ ಮೈಕ್ ಇದೆ. ಒಪೆರಾ ಮನೆಯಲ್ಲಿ ಹಾಡುವವರಿಗೆ ಮೈಕ್ ಇಲ್ಲ. ಉಳಿದ ಮುಕ್ಕಾಲು ಪಾಲು ವ್ಯತ್ಯಾಸ ಹುಟ್ಟುವುದು ಅಲ್ಲಿಂದಲೇ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ (ಚಿಕ್ಕದಾಗಿ ಮೆಟ್) ಸುಮಾರು 3,800 ಸೀಟುಗಳಿವೆ. ವೇದಿಕೆಯ ಮುಂದಿನ ಹಳ್ಳದಲ್ಲಿ ದೊಡ್ಡ ಆರ್ಕೆಸ್ಟ್ರಾ. ಅದನ್ನು ದಾಟಿ ಕೊನೆಯ ಸಾಲಿನವರಿಗೆ ದನಿ ಮುಟ್ಟಬೇಕು. ಸುಮ್ನೆ ಕೂಗಿದರೆ ಮುಟ್ಟುವುದಿಲ್ಲ, ಗಂಟಲು ಕೆಡುತ್ತದೆ ಅಷ್ಟೇ. ಸೊಪ್ರಾನೊ ಅಂದರೆ ಹೆಣ್ಣು ಕಂಠಗಳಲ್ಲಿ ಎಲ್ಲಕ್ಕಿಂತ ಮೇಲಿನದು. ಆಕೆ ಮೇಲಿನ ಸ್ವರಗಳಿಗೆ ಏರಿದ ಹಾಗೆ ದವಡೆಯನ್ನು ಇಳಿಬಿಟ್ಟು ಬಾಯಿ ಅಗಲಿಸುತ್ತಾಳೆ. ಬಾಯೊಳಗಿನ ಅನುರಣನ ಹಾಡುವ ಸ್ವರಕ್ಕೆ ಹೊಂದಿಕೊಂಡು, ಜಾಸ್ತಿ ಶ್ರಮವಿಲ್ಲದೆ ದನಿ ದೊಡ್ಡದಾಗುತ್ತದೆ. ಆದರೆ ಅಷ್ಟು ತೆರೆದ ಬಾಯಲ್ಲಿ ‘ಇ’, ‘ಉ’ ಹೇಳಿ ನೋಡಿ. ಎಲ್ಲವೂ ‘ಆ’ ಕಡೆಗೇ ವಾಲುತ್ತವೆ. ಹಾಗಾಗಿ ತೀರಾ ಮೇಲಿನ ಸ್ವರದಲ್ಲಿ ಮಾತು ಅರ್ಥವಾಗದಿದ್ದರೆ ಅದು ಗಾಯಕಿಯ ತಪ್ಪಲ್ಲ. ಮೆಟ್‌ನಲ್ಲಿ 1995ರಿಂದ ಪ್ರತಿ ಸೀಟಿನ ಮುಂದೆಯೂ ಸಾಹಿತ್ಯ ತೋರಿಸುವ ಪುಟ್ಟ ಪರದೆ ಇದೆ.

ಬ್ರಾಡ್‌ವೇಯಲ್ಲಿ ಅಂಥ ಪರದೆಯನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಹಾಡಿನ ಮಧ್ಯೆ ಒಂದು ಜೋಕ್ ಇದ್ದರೆ ಅದು ಆ ಕ್ಷಣಕ್ಕೇ ಕಿವಿಗೆ ಬೀಳಬೇಕು. ಅದಕ್ಕೇ ಹೆಚ್ಚಿನ ಹಾಡುಗಳು ಮಾತಿನ ಶ್ರುತಿಯ ಆಸುಪಾಸಿನಲ್ಲೇ ಓಡಾಡುತ್ತವೆ. ಎದೆಯ ದನಿಯನ್ನೇ, ಅಂದರೆ ಮಾತಾಡುವಾಗಿನ ಗಟ್ಟಿ ದನಿಯನ್ನೇ, ಮೇಲಕ್ಕೆ ಎಳೆದು ಗಟ್ಟಿಯಾಗಿ ಹಾಡುವ ರೀತಿಗೆ ಅಲ್ಲಿ ಬೆಲ್ಟ್ ಅನ್ನುತ್ತಾರೆ. ಒಪೆರಾಕ್ಕೆ ಹತ್ತಿರದ, ತಲೆಯ ದನಿಯ (ಮೇಲಿನ ಸ್ವರಗಳ ಹಗುರ ದನಿಯ) ಹಾಡಿಕೆಗೆ ಲೆಜಿಟ್ ಅಂತ ಹೆಸರು. ಮೈಕ್ ಕಡಲೆಕಾಳಿನಷ್ಟೂ ಇರುವುದಿಲ್ಲ. ವಿಗ್ ಕೆಳಗೆ, ಹಣೆಯ ಕೂದಲಂಚಿಗೆ ಅಂಟಿಸುತ್ತಾರೆ. ಅದರ ಟ್ರಾನ್ಸ್‌ಮಿಟರ್ ಬಟ್ಟೆಯೊಳಗೆ. ಹಿಂದೆ ಕೂತ ಸೌಂಡ್‌ನವರು ಒಂದೊಂದು ಸಾಲಿಗೂ ಒಬ್ಬೊಬ್ಬರ ಮೈಕ್ ಏರಿಸುತ್ತಾ ಇಳಿಸುತ್ತಾ ಇರುತ್ತಾರೆ. ಪ್ರೇಮಿಗಳು ತಬ್ಬಿಕೊಂಡಾಗ ಒಂದು ಮೈಕ್ ತಗ್ಗಿಸಿ, ಇನ್ನೊಂದರಲ್ಲೇ ಇಬ್ಬರ ದನಿಯನ್ನೂ ಹಿಡಿಯುವುದುಂಟು!

ಹಾಗಾದರೆ ಮ್ಯೂಸಿಕಲ್ಲೇ ಸುಲಭ ಅಂದುಕೊಂಡಿರಾ? ವಾರಕ್ಕೆ 8 ಪ್ರದರ್ಶನ. ಎರಡು ದಿನ ಮಧ್ಯಾಹ್ನಕ್ಕೊಂದು, ರಾತ್ರಿಗೊಂದು. ಒಪೆರಾದ ಮುಖ್ಯ ಪಾತ್ರಧಾರಿಗಳು ಒಂದು ಪ್ರದರ್ಶನ ಮುಗಿದರೆ ಸಾಮಾನ್ಯವಾಗಿ ಎರಡು ಮೂರು ದಿನ ಗಂಟಲಿಗೆ ಬಿಡುವು ಕೊಡುತ್ತಾರೆ.

ಈ ಎರಡು ದೋಣಿಯಲ್ಲೂ ಕಾಲಿಟ್ಟು ಬೀಳದವರು ಕಡಿಮೆ. ನನಗೆ ಮೊದಲು ನೆನಪಾಗುವವರು ಕೆಲ್ಲಿ ಓಹಾರ. ಅಮೆರಿಕದ ಒಕ್ಲಹೋಮದವರು. ಒಕ್ಲಹೋಮ ಸಿಟಿ ಯೂನಿವರ್ಸಿಟಿಯಲ್ಲಿ ಫ್ಲಾರೆನ್ಸ್ ಬರ್ಡ್‌ವೆಲ್ ಹತ್ತಿರ ಒಪೆರಾ ಕಲಿತರು. ‘ವಿಕೆಡ್’ ಮ್ಯೂಸಿಕಲ್ ಖ್ಯಾತಿಯ ಕ್ರಿಸ್ಟಿನ್ ಚೆನೊವೆತ್ ಕೂಡ ಇದೇ ಗುರುವಿನ ಶಿಷ್ಯೆ. ಓಹಾರ ಬ್ರಾಡ್‌ವೇ ದಾರಿ ಹಿಡಿದರು. 2008ರಲ್ಲಿ ‘ಸೌತ್ ಪೆಸಿಫಿಕ್’ ಮ್ಯೂಸಿಕಲ್‌ನಲ್ಲಿ ನಾಯಕಿಯಾದಾಗ ನಾಯಕನಾಗಿದ್ದವರು ಪಾಲೊ ಸೋಟ್, ಬ್ರೆಜಿಲ್‌ನ ಒಪೆರಾ ಗಾಯಕ. ಅದೇ ಪಾತ್ರವನ್ನು 1949ರಲ್ಲಿ ಮೊದಲು ಮಾಡಿದ್ದೂ ಒಪೆರಾದ ದೊಡ್ಡ ಹೆಸರು, ಎಜಿಯೊ ಪಿಂಜಾ. ಅವರ ದನಿಯ ಪಕ್ಕ ಹೇಗೆ ಹಾಡುವುದು ಅಂತ ನಾಯಕಿ ಮೇರಿ ಮಾರ್ಟಿನ್ ಅಳುಕಿದರಂತೆ. ಸಂಯೋಜಕ ರಿಚರ್ಡ್ ರಾಜರ್ಸ್ ಇಬ್ಬರೂ ಒಟ್ಟಿಗೆ ದನಿ ಎತ್ತಬೇಕಾಗದ ಹಾಗೆ, ಒಬ್ಬರ ನಂತರ ಒಬ್ಬರು ಹಾಡುವಂತೆ ಬರೆದುಕೊಟ್ಟರು. ಜಾಣ!

ಓಹಾರ ಮೆಟ್‌ಗೆ ಬಂದದ್ದು 2014ರ ಡಿಸೆಂಬರ್ 31ರಂದು, ಸಂಯೋಜಕ ಲೆಹಾರ್‌ನ ‘ದ ಮೆರಿ ವಿಡೋ’ದಲ್ಲಿ. ಮುಖ್ಯ ಪಾತ್ರ ಒಪೆರಾ ತಾರೆ ರೆನೆ ಫ್ಲೆಮಿಂಗ್ ಅವರದ್ದು. ನಿರ್ದೇಶಕಿ ಸೂಸನ್ ಸ್ಟ್ರೋಮನ್ ಬ್ರಾಡ್‌ವೇಯವರು. ಓಹಾರ ಹಾಡಿದ ವಲೆನ್ಸಿಯೆನ್ ಪಾತ್ರ ಕೊನೆಗೆ ಕ್ಯಾನ್‌ಕ್ಯಾನ್ ಕುಣಿಯಲೂ ಬೇಕು. ನಾಲ್ಕು ತಿಂಗಳೊಳಗೆ, ಮೆಟ್ ಇರುವ ಅದೇ ಲಿಂಕನ್ ಸೆಂಟರ್ ಆವರಣದಲ್ಲಿ, ಸಾವಿರ ಚಿಲ್ಲರೆ ಸೀಟಿನ ಬೋಮಾಂಟ್ ಥಿಯೇಟರ್‌ನಲ್ಲಿ ಅವರ ‘ದ ಕಿಂಗ್ ಅಂಡ್ ಐ’ ಮ್ಯೂಸಿಕಲ್ ಶುರು. ಅದಕ್ಕೆ ಓಹಾರ ಅವರಿಗೆ 2015ರ ಟೋನಿ, ಅಂದರೆ ಬ್ರಾಡ್‌ವೇ ರಂಗಭೂಮಿಯ ದೊಡ್ಡ ಪ್ರಶಸ್ತಿ, ಬಂತು. ಐದು ಸಲ ನಾಮನಿರ್ದೇಶನವಾಗಿ ಕೈ ತಪ್ಪಿತ್ತು, ಆರನೆಯ ಸಲ ಸಿಕ್ಕಿತು. ಆಮೇಲೆ 2018ರಲ್ಲಿ ಮತ್ತೆ ಮೆಟ್, ಮೊಜಾರ್ಟ್‌ನ ‘ಕೊಸಿ ಫಾನ್ ತುತ್ತೆ’. 2022ರಲ್ಲಿ ಕೆವಿನ್ ಪುಟ್ಸ್ ಅವರ ಹೊಸ ಒಪೆರಾ ‘ದ ಅವರ್ಸ್’.

ಮೊಜಾರ್ಟ್‌ನಲ್ಲಿ ಅವರಿಗೆ ಸಿಕ್ಕ ಪಾತ್ರ ಗಮನಿಸಿ: ಮನೆಗೆಲಸದ ತರಲೆ ಹುಡುಗಿ ಡೆಸ್ಪಿನಾ. ಮಾತು, ಹಾಸ್ಯ, ನಟನೆ ಮುಖ್ಯವಾದ ಪಾತ್ರ. ನಾಯಕಿ ಫಿಯೊರ್ದಿಲಿಜಿಯ ಹಾಡುಗಳಂತೆ ಕಂಠವನ್ನು ಪಾತಾಳದಿಂದ ಆಕಾಶಕ್ಕೆ ಎಸೆಯುವುದಿಲ್ಲ. ತನ್ನ ದನಿ ಎಲ್ಲಿವರೆಗೆ ಅಂತ ತಿಳಿದು ಪಾತ್ರ ಆರಿಸಿಕೊಳ್ಳುವುದೂ ಒಂದು ವಿದ್ಯೆ. ನನ್ನ ಕಣ್ಣಿಗೆ ಓಹಾರ ಅವರ ಅರ್ಧ ಯಶಸ್ಸು ಅದರಲ್ಲೇ ಇದೆ.

ಆ ಎಚ್ಚರ ತಪ್ಪಿದರೆ ದೊಡ್ಡವರೂ ಎಡವುತ್ತಾರೆ. 1984ರಲ್ಲಿ ಸಂಯೋಜಕ ಲೆನರ್ಡ್ ಬರ್ನ್‌ಸ್ಟೈನ್ ತಮ್ಮ ಮ್ಯೂಸಿಕಲ್ ‘ವೆಸ್ಟ್ ಸೈಡ್ ಸ್ಟೋರಿ’ಯನ್ನು ಒಪೆರಾ ತಾರೆಯರಿಂದ ಹಾಡಿಸಿ ಧ್ವನಿಮುದ್ರಿಸಿದರು. ನ್ಯೂಯಾರ್ಕ್ ಬೀದಿಯ ಅಮೆರಿಕನ್ ಹುಡುಗನಾಗಿ ಸ್ಪೇನ್‌ನ ಹೊಸೆ ಕರೆರಾಸ್, ಪೋರ್ಟೊ ರಿಕೊದ ಹುಡುಗಿಯಾಗಿ ನ್ಯೂಜಿಲೆಂಡಿನ ಸೊಪ್ರಾನೊ ಕಿರಿ ಟೆ ಕನವಾ. ಕಂಠಗಳು ಅಮೋಘ. ಆದರೆ ಹದಿಹರೆಯದ ಹುಡುಗ ಹುಡುಗಿ ಬೀದಿಯಲ್ಲಿ ಮಾತಾಡಿದ ಹಾಗೆ ನನಗಂತೂ ಒಂದು ಸಾಲೂ ಕೇಳಿಸುವುದಿಲ್ಲ.

ಪ್ರಶ್ನೆಗೆ ಒಂದು ಬಾಲವೂ ಇರುತ್ತದೆ: ‘ನಮ್ಮ ಮಗಳು ಪಾಶ್ಚಾತ್ಯ ಗಾಯನ ಕಲೀತಿದ್ದಾಳೆ, ಯಾವುದಕ್ಕೆ ಹಾಕೋಣ?’ ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂನವರ ಗ್ರೇಡ್ ಪರೀಕ್ಷೆಗಳಲ್ಲಿ ಗಾಯನವೇ ಬೇರೆ, ಮ್ಯೂಸಿಕಲ್ ಥಿಯೇಟರ್ ಗಾಯನವೇ ಬೇರೆ. ನನ್ನ ಪ್ರಕಾರ ಮೊದಲ ಕೆಲವು ವರ್ಷ ಮೈಕ್ ಮುಟ್ಟದೆ, ಉಸಿರಿನ ಮೇಲೆ ನಿಂತು ಹಾಡುವುದನ್ನು ಕಲಿಯಲಿ. ಬೆಲ್ಟ್ ಆಮೇಲೆ, ಅದನ್ನು ಬಲ್ಲ ಟೀಚರ್ ಎದುರಿಗೇ. ಯೂಟ್ಯೂಬ್ ನೋಡಿಕೊಂಡು ಕೋಣೆಯಲ್ಲಿ ಒಬ್ಬಳೇ ಕಿರುಚುತ್ತಿದ್ದರೆ ಇವತ್ತೇ ನಿಲ್ಲಿಸಿ.