ಮುಷ್ಟಿ ಅಕ್ಕಿಯ ಡಬ್ಬಿ

ಮೂಗುತಿಯ ಕತೆ ಎಲ್ಲರಿಗೂ ಗೊತ್ತು. ಬಿಡಿಗಾಸೂ ಬಿಚ್ಚದ ನವಕೋಟಿ ನಾರಾಯಣ, ಹೆಂಡತಿ ದಾನ ಕೊಟ್ಟ ಒಂದು ಮೂಗುತಿಯಿಂದ ಕಣ್ತೆರೆದು, ಇದ್ದದ್ದನ್ನೆಲ್ಲ ಹಂಚಿ ಪುರಂದರದಾಸರಾದರು ಅನ್ನುತ್ತದೆ ಪರಂಪರೆ. ಆಮೇಲಿನದ್ದು ನನಗೆ ಇನ್ನೂ ದೊಡ್ಡದು: ದಿನದಿನದ ಭಿಕ್ಷೆ, ನಾಳೆಗೆ ಕೂಡಿಡದ ಬದುಕು.

ನಮ್ಮ ಕಾಸರಗೋಡಿನ ಅಡುಗೆಮನೆಯಲ್ಲಿ ಆ ಭಕ್ತಿಗೆ ಹತ್ತಿರದ ದಾರಿ ಮುಷ್ಟಿ ಅಕ್ಕಿ. ದಿನಾ ಅನ್ನಕ್ಕೆ ಅಳೆಯುವ ಮೊದಲೇ ಒಂದು ಮುಷ್ಟಿ ದಾನದ ಡಬ್ಬಿಗೆ. ಅಳೆದ ಮೇಲೆ ತೆಗೆಯೋಣ ಅಂದುಕೊಂಡರೆ ತಿಂಗಳ ಕೊನೆಗೆ ಮುಷ್ಟಿ ತಾನಾಗಿ ಚಿಕ್ಕದಾಗುತ್ತದೆ. 40 ಗ್ರಾಂ ಅಂತ ಹಿಡಿದರೂ ತಿಂಗಳಿಗೆ 1.2 ಕಿಲೋ, ವರ್ಷಕ್ಕೆ 14 ಕಿಲೋ ದಾಟುತ್ತದೆ.

ಭತ್ತ ಬೇಯಿಸಿ ಮಾಡಿದ ಕುಚ್ಚಲು ಅಕ್ಕಿ, ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿ ದಯವಿಟ್ಟು ಬೆರೆಸಬೇಡಿ. ಬೆಳ್ತಿಗೆ ಮುದ್ದೆಯಾದರೂ ಕುಚ್ಚಲು ಬೆಂದಿರುವುದಿಲ್ಲ. ಪಡೆದವರು ಅದನ್ನು ಉಣ್ಣುವುದು ಹೇಗೆ? ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒದ್ದೆ ಕೈ ತಾಗಿದರೆ ಸಾಕು, ಅಕ್ಕಿ ಮುಗ್ಗಲು ಹಿಡಿಯುತ್ತದೆ. ಹಳೆಯದರ ಮೇಲೆ ಹೊಸದು ಸುರಿಯುತ್ತ ಹೋದರೆ ತಳದಲ್ಲಿ ಹುಳ. ತಿಂಗಳ ಸಂಕ್ರಮಣಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಡಬ್ಬಿ ತೊಳೆದು, ಚೆನ್ನಾಗಿ ಒಣಗಿಸಿ, ತಳಕ್ಕೆ ನಾಲ್ಕು ಒಣಮೆಣಸು ಹಾಕಿ. ಖಾಲಿ ಮಾಡಿದ್ದು ದೇವಸ್ಥಾನದ ಅನ್ನದಾನಕ್ಕಾದರೂ ಸರಿ, ಒಲೆ ಉರಿಯದ ಪಕ್ಕದ ಮನೆಗಾದರೂ ಸರಿ. ಹುಳ ಬಿದ್ದದ್ದು ಮಾತ್ರ ಕೋಳಿಗೆ, ಮನುಷ್ಯರಿಗಲ್ಲ.

ಮನೆಯ ಸಣ್ಣ ಮಗುವಿನ ಕೈಯಿಂದಲೂ ಹಾಕಿಸಿ. ಆ ಮುಷ್ಟಿಯಲ್ಲಿ 15 ಗ್ರಾಂ ಹಿಡಿದರೆ ಹೆಚ್ಚು. ಅರ್ಧ ನೆಲಕ್ಕೆ ಚೆಲ್ಲುತ್ತದೆ, ಹೆಕ್ಕಿ ಹಾಕಿದರಾಯಿತು.